ಮಕ್ಕಳ ಗ್ರಾಮ ಸಭೆಯಲ್ಲಿ ಮಗಳು ಮಾತಾಡಿದರೆ ಏನಾದರೂ ಆಗುತ್ತಾ?

ಮೇಡಂ, ಹೊಳಲ್ಕೆರೆ ಕಡೆ ನಿಮ್ಮ ಪಂಚಾಯ್ತಿಯ ಮಕ್ಕಳ ಗ್ರಾಮ ಸಭೆಯಲ್ಲಿ (ಮಕ್ಕಳೇ ತಮ್ಮ ತೊಂದರೆಗಳನ್ನು ಪಂಚಾಯ್ತಿಗೆ ಹೇಳುವ ಸಭೆ) ಎಂಟನೇ ಕ್ಲಾಸಿನ ಮಗಳು ಮಾತಾಡ್ತೀನಿ ಅಂತಿದ್ದಾಳೆ, ಇದೆಲ್ಲ ಸುಮ್ನೆ ಫೋಟೋಗೆ ಅಲ್ವಾ ಎಂದು ಕೇಳಿದ್ದೀರಿ. ಅರ್ಧ ಹೌದು. ಆದರೂ ಕಳಿಸಿ.

ನಾನು ಜಗಳೂರು ಕಡೆಯವನು. ಒಂದು ವರ್ಷ ನಮ್ಮಲ್ಲಿ ಮುಕ್ಕಾಲು ಗಂಟೆ ಬರೀ ಹಾರ, ಶಾಲು, ಭಾಷಣ. ಕೊನೆಗೆ ಒಬ್ಬಳು ಹುಡುಗಿ ಎದ್ದು, "ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಸರ್, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡ್ಕೊಂಡು ನಿಲ್ಲಬೇಕು" ಎಂದಳು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಂಡರು. ಹದಿನೈದು ದಿನಕ್ಕೆ ಚಿಲಕ ಬಂತು. ಆಟದ ಮೈದಾನ ಕೇಳಿದ್ದು ಮಾತ್ರ ಇನ್ನೂ ಬಂದಿಲ್ಲ ಬಿಡಿ.

ಅದಕ್ಕೇ "ಶಾಲೆ ಅಭಿವೃದ್ಧಿ ಮಾಡಿ" ಅಂತ ಹೇಳಿಸಬೇಡಿ. ಯಾವ ನಲ್ಲಿ, ಯಾವ ದಾರಿ, ಎಷ್ಟು ದಿನದಿಂದ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಅದು ನಡಾವಳಿ ಪುಸ್ತಕಕ್ಕೆ ಏರಿತಾ ಅಂತ ನೀವು ನೋಡಿ. ಮುಂದಿನ ವರ್ಷ ಕೇಳೋಕೆ ಅದೇ ಆಧಾರ.

"ಮಕ್ಕಳಿಗೇನು ಗೊತ್ತು" ಅಂತ ಯಾರಾದರೂ ಅಂದರೆ, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳಿ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳು ಅಭಿಪ್ರಾಯ ಹೇಳಬಹುದು, ದೊಡ್ಡವರು ಅದಕ್ಕೆ ಬೆಲೆ ಕೊಡಬೇಕು. ಭಾರತ 1992ರಲ್ಲೇ ಇದನ್ನು ಒಪ್ಪಿದೆ.

ಒಂದು ಮಾತು: ಗೆಳತಿಗೆ ಬಾಲ್ಯವಿವಾಹ ಮಾಡ್ತಿದ್ದಾರೆ ಅನ್ನೋಂಥ ವಿಷಯ ಇದ್ದರೆ ಮೈಕ್ ಮುಂದೆ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.