ಪುಂಡಿ ಪಲ್ಯದಲ್ಲಿ ಬೇಳೆ ಬೇಯುತ್ತಿಲ್ಲ, ಹುಳಿಯೂ ಜಾಸ್ತಿ. ಏನು ಮಾಡಲಿ?

ನೀವು ಮೈಸೂರು ಕಡೆಯವರು. ಹುಬ್ಬಳ್ಳಿಯ ಖಾನಾವಳಿಯಲ್ಲಿ ತಿಂದ ಪುಂಡಿ ಪಲ್ಯವನ್ನು ಮನೆಯಲ್ಲಿ ಮಾಡಿದರೆ ಬೇಳೆ ಗಟ್ಟಿಯಾಗಿ ಉಳಿಯುತ್ತದೆ, ಹಲ್ಲು ಜುಂ ಅನ್ನುವಷ್ಟು ಹುಳಿ ಬರುತ್ತದೆ ಅಂತ ಕೇಳಿದ್ದೀರಿ. ಸೊಪ್ಪು, ತೊಗರಿ ಬೇಳೆ, ಮೆಣಸಿನಕಾಯಿ ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕುತ್ತೇನೆ ಎಂದೂ ಬರೆದಿದ್ದೀರಿ. ತೊಂದರೆ ಅಲ್ಲೇ ಇದೆ. ಬೇಳೆ ಪೂರ್ತಿ ಬೇಯುವ ತನಕ ಪುಂಡಿ ಸೊಪ್ಪು, ಅಂದರೆ ಗೋಂಗೂರ, ಅದರ ಹತ್ತಿರ ಹೋಗಬಾರದು.

ಹುಳಿ ನೀರಿನಲ್ಲಿ ಬೇಳೆ ಸಲೀಸಾಗಿ ಬೇಯುವುದಿಲ್ಲ. ಬೇಳೆಯ ಒಳಗನ್ನು ಬಿಗಿಯಾಗಿ ಹಿಡಿದಿಟ್ಟಿರುವ ಪೆಕ್ಟಿನ್ ಕರಗಿದರೆ ಮಾತ್ರ ಅದು ಮೆತ್ತಗಾಗುತ್ತದೆ. ಹುಳಿ ಅದನ್ನು ಕರಗಲು ಬಿಡುವುದಿಲ್ಲ. ಸಾರು ಮಾಡುವಾಗ ಹುಣಸೆ ರಸವನ್ನು ಬೇಳೆ ಬೆಂದ ಮೇಲೆಯೇ ಹಾಕುತ್ತೀರಿ ಅಲ್ವಾ? ಇಲ್ಲಿ ಹುಳಿ ಸೊಪ್ಪಿನೊಳಗೇ ಇದೆ, ಅಷ್ಟೇ ವ್ಯತ್ಯಾಸ. ಮೆಂತೆ, ರಾಜಗಿರಿ, ಸಬ್ಬಸಿಗೆಗೆ ಈ ತಾಪತ್ರಯ ಇಲ್ಲ. ಅವನ್ನು ಬೇಳೆಯ ಜೊತೆಗೇ ಬೇಯಿಸಬಹುದು.

ನೀರನ್ನೂ ನೋಡಿ. ನಮ್ಮ ಗದಗಿನಲ್ಲಿ ಹೊಳೆ ನೀರು ಅಂದರೆ ತುಂಗಭದ್ರೆಯ ನೀರು. ಅದರಲ್ಲಿ ಬೇಳೆ ಬೇಗ ಬೇಯುತ್ತದೆ. ಬೋರಿನ ಗಡಸು ನೀರಿನಲ್ಲಿ ಅದೇ ಬೇಳೆ ಸತಾಯಿಸುತ್ತದೆ. ಆ ನೀರಿನ ಸುಣ್ಣದ ಅಂಶ ಬೇಳೆಯನ್ನು ಇನ್ನೂ ಬಿಗಿ ಮಾಡುತ್ತದೆ. ನಿಮ್ಮದೂ ಬೋರಿನ ನೀರಾಗಿದ್ದರೆ ಬೇಳೆ ಬೇಯಿಸಲು ಮಾತ್ರ ಕುಡಿಯುವ ನೀರು ಬಳಸಿ. ಅಡುಗೆ ಸೋಡಾ ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಬೇಳೆ ಮೆತ್ತಗಾಗುತ್ತದೆ ನಿಜ, ಆದರೆ ಪಲ್ಯದ ರುಚಿ ಸಪ್ಪಗಾಗಿ ಸೋಡಾ ವಾಸನೆ ಬರುತ್ತದೆ.

ಈಗ ಮಾಡುವುದು ಹೇಗೆ ಅಂತ ಹೇಳುತ್ತೇನೆ. ನಾಲ್ಕು ಜನಕ್ಕೆ ಎರಡು ಸಿವುಡು ಪುಂಡಿ ಸಾಕು, ಎಲೆ ಬಿಡಿಸಿದರೆ ಸುಮಾರು 200 ಗ್ರಾಂ ಇರಬೇಕು. ನಿಮ್ಮ ಮಾರ್ಕೆಟ್ಟಿನಲ್ಲಿ ಗೋಂಗೂರ ಅಂತ ಕೇಳಿದರೂ ಕೊಡುತ್ತಾರೆ. ದಂಟು ಬಿಟ್ಟು ಎಲೆ ಮಾತ್ರ ತೆಗೆದುಕೊಳ್ಳಿ. ಪುಂಡಿ ನಾರಿನ ಗಿಡ, ಅದರಿಂದ ಹಗ್ಗ ಹೊಸೆಯುತ್ತಾರೆ. ಬಲಿತ ದಂಟು ಬಾಯಿಗೆ ಸಿಕ್ಕರೆ ಅಗಿಯಲು ಆಗುವುದಿಲ್ಲ. ಅರ್ಧ ವಾಟಿ ತೊಗರಿ ಬೇಳೆ, ಎರಡು ದೊಡ್ಡ ಚಮಚ ಜೋಳದ ನುಚ್ಚು ಅರ್ಧ ಗಂಟೆ ನೆನೆಸಿ, ಸ್ವಲ್ಪ ಅರಿಶಿಣ ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ನುಚ್ಚನ್ನು ಮಾತ್ರ ಬಿಡಬೇಡಿ. ಹುಳಿಯನ್ನು ತಗ್ಗಿಸುವುದೂ ಅದೇ, ಪಲ್ಯಕ್ಕೆ ಮುದ್ದೆಯ ಹದ ಕೊಡುವುದೂ ಅದೇ. ಜೋಳದ ನುಚ್ಚು ಸಿಗದಿದ್ದರೆ ಅಕ್ಕಿ ನುಚ್ಚು ಆದೀತು.

ಎಲೆಯನ್ನು ಬೇರೆ ಪಾತ್ರೆಯಲ್ಲಿ ಆರೇಳು ಹಸಿಮೆಣಸಿನಕಾಯಿ ಜೊತೆ ಒಂದೂವರೆ ಲೋಟ ನೀರು ಹಾಕಿ ಬೇಯಿಸಿ. ಸ್ಟೀಲ್ ಅಥವಾ ಮಣ್ಣಿನ ಗಡಿಗೆ ಒಳ್ಳೆಯದು. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಬೇಡ, ಹುಳಿ ಅವನ್ನು ತಿನ್ನುತ್ತದೆ. ಹಸಿರು ಬಣ್ಣ ಹೋಗಿ ಮಂಕಾಗುತ್ತದೆ, ಹೆದರಬೇಡಿ, ಪುಂಡಿ ಇರುವುದೇ ಹಾಗೆ. ಐದಾರು ನಿಮಿಷಕ್ಕೆ ಎಲೆ ಕರಗಿದಂತಾದಾಗ ಮೇಲಿನ ನೀರನ್ನು ಬಸಿದು ಬೇರೆ ಇಟ್ಟುಕೊಳ್ಳಿ. ಹುಳಿ ಬಹಳಷ್ಟು ಆ ನೀರಿನಲ್ಲಿ ಹೋಗಿರುತ್ತದೆ. ಪೂರ್ತಿ ಚೆಲ್ಲಿದರೆ ಪುಂಡಿ ತಿಂದ ಸುಖವೇ ಇರುವುದಿಲ್ಲ. ಕೊನೆಗೆ ರುಚಿ ನೋಡಿ ಬೇಕಾದಷ್ಟು ವಾಪಸ್ ಹಾಕಿಕೊಳ್ಳಿ. ಕೆಂಪು ದಂಟಿನ ಪುಂಡಿಗೆ ಹುಳಿ ಜಾಸ್ತಿ, ಹಸಿರು ದಂಟಿನದಕ್ಕೆ ಕಡಿಮೆ. ಮೊದಲ ಸಲ ಹಸಿರು ದಂಟಿನದನ್ನೇ ತನ್ನಿ.

ಬೆಂದ ಎಲೆ, ಮೆಣಸಿನಕಾಯಿ, ಬೇಳೆ, ನುಚ್ಚು ಎಲ್ಲ ಸೇರಿಸಿ ಉಪ್ಪು ಹಾಕಿ ಕಟ್ಟಿಗೆಯ ಸೌಟಿನಿಂದ ಮಸೆಯಿರಿ. ಮಿಕ್ಸರಿಗೆ ಹಾಕಬೇಡಿ, ಅಂಟಂಟಾಗಿ ಚಟ್ನಿ ಆಗುತ್ತದೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ರೊಟ್ಟಿಯ ಮೇಲೆ ಹಾಕಿದರೆ ಹರಿಯಬಾರದು, ಅಷ್ಟು ಗಟ್ಟಿ ಇರಲಿ.

ಒಗ್ಗರಣೆಯಲ್ಲಿ ಜಿಪುಣತನ ಮಾಡಲೇಬೇಡಿ. ನಾಲ್ಕು ಚಮಚ ಶೇಂಗಾ ಎಣ್ಣೆ, ಸಾಸಿವೆ, ಜೀರಿಗೆ, ನಾಲ್ಕಾರು ಮೆಂತೆ ಕಾಳು, ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಒಂದು ಇಡೀ ಗಡ್ಡೆ. ಬೆಳ್ಳುಳ್ಳಿ ಕೆಂಪಾಗುವ ತನಕ ಕಾಯಿರಿ. ಹುಳಿಗೆ ಸರಿಸಮ ನಿಲ್ಲುವುದು ಈ ಬೆಳ್ಳುಳ್ಳಿ ಮತ್ತು ಎಣ್ಣೆ. ಟೊಮ್ಯಾಟೊ ಖಂಡಿತ ಬೇಡ. ಬೆಲ್ಲ ನಾನು ಹಾಕುವುದಿಲ್ಲ, ಕೆಲವರು ಚೂರು ಹಾಕುತ್ತಾರೆ.

ಮಾಡಿದ ಕೂಡಲೇ ತಿನ್ನುವುದಕ್ಕಿಂತ ಒಂದು ಹೊತ್ತು ಬಿಟ್ಟು ತಿಂದರೆ ರುಚಿ ಇನ್ನೂ ಚೆನ್ನಾಗಿ ಕೂಡಿರುತ್ತದೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಚರಗ ಚೆಲ್ಲಲು (ಭೂಮಿತಾಯಿಗೆ ಎಡೆ ಅರ್ಪಿಸಲು) ಹೋಗುವಾಗ ನಮ್ಮ ಕಡೆ ಬುತ್ತಿಯಲ್ಲಿ ಸಜ್ಜೆ ರೊಟ್ಟಿ ಜೊತೆ ಈ ಪಲ್ಯ ಇರುತ್ತದೆ. ನೀವು ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು ಇಟ್ಟುಕೊಳ್ಳಿ. ರೊಟ್ಟಿ ಬಡಿಯಲು ಬರದಿದ್ದರೆ ಬಿಸಿ ಅನ್ನಕ್ಕೆ ಕಲಸಿ, ಮೇಲೆ ಒಂದು ಚಮಚ ಹಸಿ ಶೇಂಗಾ ಎಣ್ಣೆ ಬಿಟ್ಟುಕೊಳ್ಳಿ. ಅಷ್ಟಾದ ಮೇಲೂ ಹುಳಿ ಅನಿಸಿದರೆ, ಇನ್ನೊಂದು ಹಿಡಿ ಬೆಂದ ಬೇಳೆ ಸೇರಿಸಿ ಮತ್ತೆ ಒಂದು ಕುದಿ ಬರಿಸಿ, ಸರಿಹೋಗುತ್ತದೆ.