ಕಾಣದ ಕಣಕ್ಕೂ ಲೆಕ್ಕ ಇದೆಯಾ?

ಪ್ರಶ್ನೆ: ಮೈಸೂರಿನಲ್ಲಿ ಎಂ.ಎಸ್ಸಿ. ಓದುವ ಮಗಳು ‘ಗಾಳಿಯಲ್ಲಿರುವ ಅಯಾನು ಎಣಿಸುತ್ತೇವೆ’ ಅನ್ನುತ್ತಾಳೆ. ಕಣ್ಣಿಗೇ ಕಾಣದ್ದನ್ನು ಎಣಿಸುವುದು ಹೇಗೆ ಸಾರ್?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಗಳು ಸುಮ್ನೆ ಹೇಳಿಲ್ಲ. ಆದರೆ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಅಣುಗಳನ್ನು, ಒಂದೊಂದಾಗಿ ಎಣಿಸುವುದಿಲ್ಲ, ಅವು ಹೊತ್ತು ತರುವ ಕರೆಂಟನ್ನು ಅಳೆಯುತ್ತಾರೆ. ಒಂದು ಲೋಹದ ಕೊಳವೆ, ನಡುವೆ ಕಡ್ಡಿ, ಹಿಂದೆ ಫ್ಯಾನು. ಇದೇ ಗೆರ್ಡಿಯನ್ ಕಂಡೆನ್ಸರ್. ಕೊಳವೆಗೂ ಕಡ್ಡಿಗೂ ನಡುವೆ ವೋಲ್ಟೇಜ್ ಕೊಟ್ಟು ಗಾಳಿ ಎಳೆದರೆ ಅಯಾನುಗಳು ಕಡ್ಡಿಗೆ ಬಂದು ಬೀಳುತ್ತವೆ, ಆಗ ಹರಿಯುವ ಕರೆಂಟು ಆಂಪಿಯರ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರಬಹುದು. ಒಳಗೊಂದು ಜೇಡ ಬಲೆ ಕಟ್ಟಿತೋ, ಅವತ್ತಿನ ಲೆಕ್ಕ ಕೆಟ್ಟಿತು!

ಅಯಾನು ಹುಟ್ಟುವುದು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣದಿಂದ, ಮತ್ತೆ ಮಣ್ಣಿನಿಂದ ಹೊರಬರುವ, ವಿಕಿರಣ ಸೂಸುವ ರೇಡಾನ್ ಅನಿಲದಿಂದ. ರಾತ್ರಿ ಗಾಳಿ ಅಲುಗದೆ ನಿಂತಾಗ ರೇಡಾನ್ ನೆಲದ ಹತ್ತಿರವೇ ಸೇರಿಕೊಳ್ಳುತ್ತದೆ. ನಿಮ್ಮ ಗದ್ದೆ ಬಯಲಲ್ಲಿ ಮಂಜು ಕೂತಿರುವ ಹೊತ್ತು ಇದೆಯಲ್ಲ, ಸಾಮಾನ್ಯವಾಗಿ ಆಗಲೇ ರೇಡಾನ್ ಜಾಸ್ತಿ, ಅದರಿಂದ ಹುಟ್ಟುವ ಅಯಾನೂ ಜಾಸ್ತಿ. ಬಿಸಿಲೇರಿದರೆ ರೇಡಾನ್ ಮೇಲಕ್ಕೆ ಚದುರುತ್ತದೆ. ಪಕ್ಕದಲ್ಲಿ ಆಲೆಮನೆ ಹೊಗೆಯಾಡುತ್ತಿದ್ದರೆ ಮಾತ್ರ ಲೆಕ್ಕ ಉಲ್ಟಾ. ಸಣ್ಣ ಅಯಾನುಗಳು ಹೊಗೆಯ ಕಣಕ್ಕೆ ಅಂಟಿ ಕಡಿಮೆಯಾಗುತ್ತವೆ.

ಗಾಳಿಯಲ್ಲೇ ಹೊಸದಾಗಿ ಹುಟ್ಟುವ ಕಣಗಳದ್ದು ಬೇರೆ ಕಥೆ. ಗಂಧಕಾಮ್ಲದಂಥ ಆವಿಯ ಅಣುಗಳು ಗುಂಪುಗೂಡಿ ಎರಡು ಮೂರು ನ್ಯಾನೋಮೀಟರ್ (ಮೀಟರ್‌ನ ನೂರು ಕೋಟಿಯಲ್ಲಿ ಎರಡು ಮೂರು ಪಾಲು) ಬೆಳೆದರೂ ಬೆಳಕಿಗೆ ಸಿಗುವುದಿಲ್ಲ. ಅದಕ್ಕೇ ಅವನ್ನು ಬ್ಯುಟನಾಲ್ ಎಂಬ ಆಲ್ಕೋಹಾಲ್‌ನ ಆವಿಯಲ್ಲಿ ಹಾಯಿಸಿ, ಹನಿಯಾಗಿ ಉಬ್ಬಿಸಿ, ಲೇಸರ್ ಮುಂದೆ ಬಿಡುತ್ತಾರೆ. ಹನಿ ಹಾದಾಗೆಲ್ಲ ಒಂದು ಮಿಣುಕು. ಇಲ್ಲಿ ಮಾತ್ರ ನಿಜವಾಗಿಯೂ ಒಂದೊಂದನ್ನೇ ಎಣಿಸುತ್ತಾರೆ.