ಅರ್ಧ ಫೀಸಿಗೆ ಮರುಳಾಗುವ ಮುಂಚೆ

ಎಂಟನೇ ಕ್ಲಾಸಿನ ಮಗಳು ಚೆನ್ನಾಗಿ ಈಜುತ್ತಾಳೆ, ಮಾರ್ಕ್ಸ್ 70ರ ಆಸುಪಾಸು, ಖಾಸಗಿ ಸ್ಕೂಲೊಂದು ಅರ್ಧ ಫೀಸಿಗೆ ಸೀಟು ಕೊಡುತ್ತದಂತೆ, ಸೇರಿಸಬಹುದಾ ಎಂದು ಕೇಳಿದ್ದೀರಿ.

ನನ್ನ ಮಗನೂ ಬ್ಯಾಡ್ಮಿಂಟನ್‌ನಿಂದ ಹೀಗೇ ಒಂದು ಕಡೆ ಸೇರಿದ್ದ. ಅಡ್ಮಿಷನ್ ದಿನ ಪ್ರಿನ್ಸಿಪಾಲರು ಮೆಡಲ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಮಾರ್ಕ್ಸ್ ಕಾರ್ಡ್ ಮುಟ್ಟಲೂ ಇಲ್ಲ. ನಮಗೆ ಖುಷಿಯೋ ಖುಷಿ. ಜನವರಿಯಲ್ಲಿ ಮೊಣಕಾಲು ಕೈಕೊಟ್ಟಿತು, ಆಟ ನಿಂತಿತು. ಜೂನ್‌ನಲ್ಲಿ ಪೂರ್ತಿ ಫೀಸಿನ ಚಲನ್ ಬಂತು! ಗಾಯವಾದರೆ ರಿಯಾಯಿತಿ ಉಳಿಯುತ್ತಾ ಎಂದು ಈಗಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಸಿಬಿಎಸ್‌ಇ ಆದರೆ ಬೋರ್ಡ್ ಪರೀಕ್ಷೆಗೆ 75% ಹಾಜರಾತಿ ಬೇಕು. ರಾಷ್ಟ್ರಮಟ್ಟದ ಸ್ಪರ್ಧೆಗೆ ಹೋದರೆ ವಿನಾಯಿತಿ ಇದೆ, ದಿನದ ಪ್ರಾಕ್ಟೀಸ್‌ಗೆ ಇಲ್ಲ. ಮುಂದೆ ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ ನಿಜ, ಸೀಟು ಕಮ್ಮಿ. ಅದನ್ನೇ ನಂಬಿ ಗಣಿತ ಕೈಬಿಡಬೇಡಿ.

ಫೀಸಿಗಿಂತ ನನಗೆ ದೂರದ್ದೇ ಜಾಸ್ತಿ ಚಿಂತೆ. ಬೆಂಗಳೂರಲ್ಲಿ, ಉದಾಹರಣೆಗೆ, ಬಸವನಗುಡಿಯಲ್ಲಿ ಬೆಳಿಗ್ಗೆ ಈಜಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಎಂಟಕ್ಕೆ ವೈಟ್‌ಫೀಲ್ಡ್ ಮುಟ್ಟುವುದು ಆಗದ ಮಾತು. ಒದ್ದೆ ಜಡೆಯಲ್ಲೇ ಕಾರಲ್ಲಿ ಇಡ್ಲಿ ತಿಂದು, ಮೊದಲ ಪೀರಿಯಡ್‌ನಲ್ಲಿ ತೂಕಡಿಸುವ ಮಕ್ಕಳನ್ನು ನೋಡಿದ್ದೇನೆ, ಪಾಪ. ನಾನಾಗಿದ್ದರೆ ಕೊಳದ ಪಕ್ಕದ ಸಾಧಾರಣ ಸ್ಕೂಲಿಗೇ ಹಾಕುತ್ತಿದ್ದೆ. ಅಂದಹಾಗೆ, ನೀವು ಹೇಳಿದ ಸ್ಕೂಲು ಯಾವ ಕಡೆ?